ನಜ್ರಾನಿನ ಫಾದರ್ ಮ್ಯಾಥ್ಯೂ ಅವರ ಕೆಮ್ಮು

ಜಿದ್ದಾ

ಅತ್ತೆಯ ಪೆಟ್ಟಿಗೆಯಲ್ಲಿ ಅರ್ಧ ಜಾಗ ಒಬ್ಬ ಪಾದ್ರಿಗೆ ಮೀಸಲಾಗಿತ್ತು. ಕಷಾಯದ ಪುಡಿ ಒಂದು ಡಬ್ಬಿ, ಜೇನುತುಪ್ಪ ಒಂದು ಬಾಟಲಿ, ಅವರೇ ಕೂತು ಹೆಣೆದ ಉಣ್ಣೆಯ ಮಫ್ಲರ್ ಒಂದು. ಮೇ ತಿಂಗಳಲ್ಲಿ ಸೌದಿ ಅರೇಬಿಯಾಕ್ಕೆ ಉಣ್ಣೆಯ ಮಫ್ಲರ್ ಹೊತ್ತುಕೊಂಡು ಹೋದವರು ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರಲಿಕ್ಕಿಲ್ಲ. ನಾನು ಬೇಡವೆಂದೆ. "ಕೆಮ್ಮಿಗೆ ಊರು ಯಾವುದಾದರೆ ಎಂತ?" ಎಂದರು ಅತ್ತೆ. ನಮ್ಮ ಮನೆಮಾತು ಕೊಂಕಣಿ. ಅವರ ಮಾತನ್ನು ಕನ್ನಡದಲ್ಲಿ ಬರೆಯುವಾಗ ಅದರ ಖಾರ ಸ್ವಲ್ಪ ಕಡಿಮೆಯಾಗುತ್ತದೆ, ಓದುವವರು ಸೇರಿಸಿಕೊಳ್ಳಬೇಕು.

ಕೆಮ್ಮು ಫಾದರ್ ಮ್ಯಾಥ್ಯೂ ಅವರದ್ದು. ನನ್ನ ಗಂಡ ವಿಲ್ಲಿ ಯೆಮೆನ್ ಗಡಿಯ ನಜ್ರಾನ್ ಎಂಬ ಊರಿನಲ್ಲಿ ದೊಡ್ಡ ಕಟ್ಟಡಗಳ ಏಸಿ ನೋಡಿಕೊಳ್ಳುವ ಕೆಲಸದಲ್ಲಿದ್ದ. ಅಲ್ಲಿ ಆದಿತ್ಯವಾರ ಕೆಲಸದ ದಿನವಾದ್ದರಿಂದ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ ಶುಕ್ರವಾರವೇ ಆಗುತ್ತದೆ ಎಂದು ಹೇಳಿದ್ದ. ಪ್ರತಿ ಶುಕ್ರವಾರ ಶಿರ್ವದ ನಮ್ಮ ಮನೆಗೆ ಅವನ ಫೋನು ಬರುತ್ತಿತ್ತು. ಅತ್ತೆ ಸ್ಪೀಕರ್ ಹಾಕಿ, ತಲೆಗೆ ಸೆರಗು ಹೊದ್ದು, "ಇವತ್ತು ಫಾದರ್ ಪ್ರವಚನದಲ್ಲಿ ಎಂತ ಹೇಳಿದರು?" ಎಂದು ಕೇಳುತ್ತಿದ್ದರು. ವಿಲ್ಲಿ ಹೇಳುತ್ತಿದ್ದ. ಹಳೆಯ ಕೋಟೆಗೋಡೆಯ ಪಟ್ಟಣ, ಅದರೊಳಗೆ ಒಂದು ದೊಡ್ಡ ಕೆಥೆಡ್ರಲ್, ಅಲ್ಲಿ ಕೇರಳದ ಒಬ್ಬ ಮುದಿ ಪಾದ್ರಿ, ಪಾಪ, ಅವರಿಗೆ ಬಿಡದ ಕೆಮ್ಮು. ನಮ್ಮ ಮನೆಯ ಸಂಜೆಯ ಜಪಮಾಲೆಯ ಕೊನೆಗೆ ಆ ಕೆಮ್ಮಿಗಾಗಿ ಒಂದು ಪ್ರಾರ್ಥನೆ ಖಾಯಂ ಆಗಿತ್ತು.

ಸೌದಿಯಲ್ಲಿ ಇಗರ್ಜಿ ಇರುವುದುಂಟೇ ಎಂದು ನನಗೆ ಸಂಶಯ ಬರಲಿಲ್ಲವೆಂದಲ್ಲ. ಒಮ್ಮೆ ಕೇಳಿದ್ದೆ. "ಇದು ಗಡಿ ಊರು, ಪುರಾತನ ಕಾಲದ್ದು, ಹಾಗಾಗಿ ಬಿಟ್ಟಿದ್ದಾರೆ" ಎಂದಿದ್ದ. ಅತ್ತೆಯ ತಂಗಿ ದುಬೈಯಲ್ಲಿ ವಾರವಾರವೂ ಪೂಜೆಗೆ ಹೋಗುತ್ತಾಳೆ. ನಮ್ಮ ಕಡೆಯವರಿಗೆ ಗಲ್ಫ್ ಎಂದರೆ ಎಲ್ಲ ಒಂದೇ ಊರು. ಅದಕ್ಕಿಂತ ಹೆಚ್ಚಾಗಿ, ಪ್ರವಚನಗಳು ಚೆನ್ನಾಗಿರುತ್ತಿದ್ದವು. ಕಳೆದುಹೋದ ಕುರಿಯ ಬಗ್ಗೆ ಫಾದರ್ ಮ್ಯಾಥ್ಯೂ ಒಮ್ಮೆ ಹೇಳಿದ್ದರಂತೆ: ಕುರಿಗೆ ತಾನು ಕಳೆದುಹೋದದ್ದು ಗೊತ್ತೇ ಇರುವುದಿಲ್ಲ, ಅದು ಹುಲ್ಲಿನ ಹಿಂದೆ ಹೋಗುತ್ತಿರುತ್ತದೆ, ಅಷ್ಟೇ. ನಾನು ಕನ್ನಡ ಟೀಚರು. ಆ ಮಾತನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಉಕ್ತಲೇಖನ ಕೊಟ್ಟಿದ್ದೆ.

ಎರಡು ಸಾವಿರದ ಹದಿಮೂರರ ಬೇಸಿಗೆ ರಜೆಯಲ್ಲಿ ನಮ್ಮಿಬ್ಬರಿಗೂ ವಿಸಿಟ್ ವೀಸಾ ಸಿಕ್ಕಿತು. ಜಿದ್ದಾದಲ್ಲಿ ಇಳಿಯುವಾಗ ಅತ್ತೆ ಕಪ್ಪು ಅಬಾಯಾ ತೊಟ್ಟು ವಿಮಾನದ ಕಿಟಕಿಯ ಗಾಜಿನಲ್ಲಿ ತಮ್ಮನ್ನೇ ನೋಡಿಕೊಂಡರು. ಚಿಕ್ಕಂದಿನಲ್ಲಿ ಅವರಿಗೆ ಸಿಸ್ಟರ್ ಆಗುವ ಆಸೆಯಿತ್ತು, ಮನೆಯಲ್ಲಿ ಬಿಡಲಿಲ್ಲ. ನಿಲ್ದಾಣದ ತುಂಬ ಕಪ್ಪು ನಿಲುವಂಗಿಯ ಹೆಂಗಸರನ್ನು ಕಂಡು ಅವರಿಗೆ ಯಾವುದೋ ಕಾನ್ವೆಂಟಿಗೆ ಬಂದಿಳಿದಷ್ಟು ಸಂತೋಷವಾಯಿತು. ಎದುರಾದವರಿಗೆಲ್ಲ ತಲೆಬಾಗಿ ವಂದಿಸುತ್ತ ನಡೆದರು. ಕೆಲವರು ತಿರುಗಿ ವಂದಿಸಿದರು ಕೂಡ.

ಕಸ್ಟಮ್ಸಿನವನು ಕಷಾಯದ ಡಬ್ಬಿಯನ್ನು ತೆರೆದಾಗ ಅತ್ತೆಯ ಮುಖ ಬಿಳುಚಿತು. ಆಮೇಲೆ ತಿಳಿಯಿತು, ಪುಡಿಯ ಅಡಿಯಲ್ಲಿ ಅವರ ಜಪಮಾಲೆಯಿತ್ತು. ಕಂಡರೆ ಕಿತ್ತುಕೊಳ್ಳುತ್ತಾರೆ ಎಂದು ಯಾರೋ ನೆರೆಮನೆಯವರು ಹೆದರಿಸಿದ್ದರಂತೆ. ಅವನು ಡಬ್ಬಿಯನ್ನು ಮೂಗಿನ ಹತ್ತಿರ ಒಯ್ದು ಜೋರಾಗಿ ಉಸಿರೆಳೆದ. ಒಳ್ಳೆಮೆಣಸು, ಕೊತ್ತಂಬರಿ, ಜೀರಿಗೆ, ಅದರ ಮೇಲೆ ಒಣಶುಂಠಿ. ಅವನು ಸೀನತೊಡಗಿದ. ಸೀನುತ್ತಲೇ ಮುಚ್ಚಳ ಹಾಕಿ, ಸೀನುತ್ತಲೇ ಹೋಗಿ ಎಂದು ಕೈ ಬೀಸಿದ. ಅತ್ತೆ ಅವನ ತಲೆಯ ಕಡೆಗೆ ಕೈ ಚಾಚಿ ಕೊಂಕಣಿಯಲ್ಲಿ ದೇವರು ಒಳ್ಳೇದು ಮಾಡಲಿ ಎಂದು ಹರಸಿದರು. ನಾನು ಅವರ ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಹೊರಗೆ ವಿಲ್ಲಿ ಕಾಯುತ್ತಿದ್ದ. ನಮ್ಮನ್ನು ಕಂಡು ನಕ್ಕ, ನಗು ಮುಗಿಯುವ ಮೊದಲೇ ಕೆಮ್ಮಿದ. "ನೋಡು, ನಿನಗೆ ಪುನಃ ಅಂಟಿತು!" ಎಂದು ಅತ್ತೆ ಗದರಿದರು. "ಪೂಜೆಗೆ ಹೋದರೆ ಹಿಂದಿನ ಬೆಂಚಲ್ಲಿ ಕೂರು ಅಂತ ಹೇಳಿರಲಿಲ್ವಾ?" ವಿಲ್ಲಿ ಪೆಟ್ಟಿಗೆಗಳನ್ನು ಎತ್ತಿಕೊಂಡು ಮುಂದೆ ಓಡಿದ.

ಶರಫಿಯಾ

ನಜ್ರಾನಿಗೆ ಹೋಗುವ ಮೊದಲು ಜಿದ್ದಾದಲ್ಲಿ ಒಂದು ಶುಕ್ರವಾರ ಕಳೆಯಬೇಕಿತ್ತು. ಶುಕ್ರವಾರ ಸಂಜೆ ಅಲ್ಲಿನ ಶರಫಿಯಾ ಪೇಟೆಗೆ ಹೋದರೆ ಊರು ಬಿಟ್ಟು ಬಂದದ್ದು ಮರೆತುಹೋಗುತ್ತದೆ. ತುಳು ಮಾತಾಡುವವರು, ಬ್ಯಾರಿ ಮಾತಾಡುವವರು, ಮಲಯಾಳಿಗಳು, ಎಲ್ಲರೂ ಒಬ್ಬರ ಹೆಗಲಿಗೆ ಒಬ್ಬರು ಹೆಗಲು ತಾಗಿಸಿ ರಸ್ತೆ ತುಂಬ ನಿಂತಿದ್ದರು. ಕೊಳ್ಳುವವರಿಗಿಂತ ಸುಮ್ಮನೆ ನಿಂತವರೇ ಹೆಚ್ಚು. ವಾರವಿಡೀ ಅರಬ್ಬಿ ಹಿಂದಿ ಕಲಸಿ ಮಾತಾಡಿ ದಣಿದ ನಾಲಿಗೆಗೆ ಒಂದು ಸಂಜೆ ತನ್ನ ಭಾಷೆ ಸಿಕ್ಕಿದರೆ ಸಾಕು, ಅದಕ್ಕಾಗಿಯೇ ಬರುತ್ತಾರೆ ಎಂದ ವಿಲ್ಲಿ. "ಪೂಜೆ ಬಿಟ್ಟಿತಾ?" ಎಂದರು ಅತ್ತೆ.

ಒಂದು ಬಟ್ಟೆ ಅಂಗಡಿಗೆ ಹೊಕ್ಕೆವು. ಅಂಗಡಿಯವನು ಕಾಸರಗೋಡಿನವನು. ಅವನ ತಾಯ್ನುಡಿ ಮಲಯಾಳ ಎಂದು ತಿಳಿದದ್ದೇ ತಡ, ಅತ್ತೆ ಗಟ್ಟಿಯಾಗಿ ಕೇಳಿಬಿಟ್ಟರು:

"ನಿಮಗೆ ನಜ್ರಾನಿನ ಫಾದರ್ ಮ್ಯಾಥ್ಯೂ ಗೊತ್ತುಂಟಾ?"

ವಿಲ್ಲಿ ಬಟ್ಟೆಯ ಥಾನಿನ ಹಿಂದೆ ಸರಿದ. ಅಂಗಡಿಯವನು ಒಂದು ಕ್ಷಣವೂ ತಡೆಯಲಿಲ್ಲ. ಗಿರಾಕಿ ಏನೇ ಕೇಳಿದರೂ ಇಲ್ಲ ಎನ್ನಬಾರದೆಂಬುದು ಅವನ ವ್ಯಾಪಾರದ ಧರ್ಮವಿರಬೇಕು.

"ಗೊತ್ತುಂಟು, ಗೊತ್ತುಂಟು. ಒಳ್ಳೆ ಜನ. ಈ ಬಣ್ಣ ಆಗ್ತದಾ ಬಾಯಮ್ಮ?"

"ಅವರ ಕೆಮ್ಮು ಈಗ ಹೇಗುಂಟು?"

"ಈಗ ಪರವಾಗಿಲ್ಲ. ತುಂಬ ಕಡಿಮೆ ಉಂಟು."

ಅತ್ತೆ ಶಿಲುಬೆಯ ಗುರುತು ಮಾಡಿಕೊಂಡು, ಬೇಡದಿದ್ದ ಬಟ್ಟೆಯನ್ನು ಕೊಂಡರು. ವಿಲ್ಲಿಯ ಮುಖ ನೋಡಿದೆ. ಸತ್ತವರು ಎದ್ದು ಬಂದ ಸುದ್ದಿ ಕೇಳಿದವನ ಹಾಗಿದ್ದ.

ಊಟಕ್ಕೆ ಹೋದ ಹೋಟೆಲಿನಲ್ಲಿ ಹೆಂಗಸರ ಜೊತೆ ಬಂದವರಿಗೆ ಬೇರೆ ಕೋಣೆಗಳು. ಚಿಕ್ಕ ಚಿಕ್ಕ ಮರದ ಗೂಡುಗಳು, ಮುಂದೆ ಪರದೆ. ಮಾಣಿ ಪರದೆಯಾಚೆ ನಿಂತು ಕೆಮ್ಮಿ, ಅಪ್ಪಣೆಯಾದ ಮೇಲೆ ಕೈ ಮಾತ್ರ ಒಳಗೆ ತೂರಿಸಿ ತಟ್ಟೆ ಇಡುತ್ತಾನೆ. "ಇದು ಪಾಪನಿವೇದನೆಯ ಪೆಟ್ಟಿಗೆಯ ಹಾಗೆ ಉಂಟಲ್ಲ" ಎಂದು ಅತ್ತೆ ಮೆಚ್ಚಿಕೊಂಡು ಕೈ ತೊಳೆಯಲು ಹೋದರು. ಅವರು ಅತ್ತ ಹೋದದ್ದೇ ತಡ, ವಿಲ್ಲಿ ಪರದೆ ಸರಿಯಾಗಿ ಮುಚ್ಚಿ, "ಸಿಂತಿಯಾ, ಫಾದರ್ ಮ್ಯಾಥ್ಯೂ ಅಂತ ಯಾರೂ ಇಲ್ಲ" ಎಂದ.

ನಾನು ಅನ್ನ ಕಲಸುತ್ತಿದ್ದ ಕೈ ಅಲ್ಲೇ ನಿಂತಿತು.

"ಇಗರ್ಜಿ?"

"ಅದೂ ಇಲ್ಲ. ಹಿಂದೆ ಇತ್ತಂತೆ. ಈಗ ಬರೀ ಕಲ್ಲು."

ಅವನು ಮೊದಲ ಸಲ ಹೊರಟಾಗ ಅತ್ತೆ ಅಂಗಳದಲ್ಲಿ ನಿಂತು ಹೇಳಿದ್ದು ನನಗೂ ನೆನಪಿತ್ತು. ಇಗರ್ಜಿ ಇಲ್ಲದ ಊರಾದರೆ ಒಂದು ದಿನವೂ ನಿಲ್ಲಬೇಡ, ಬಂದ ದಾರಿಯಲ್ಲೇ ಹಿಂದೆ ಬಾ. ಅವನು ನಜ್ರಾನಿಗೆ ತಲುಪಿದ ವಾರವೇ ಅವರು ಇಗರ್ಜಿ ಉಂಟಾ ಎಂದು ಫೋನಿನಲ್ಲಿ ಕೇಳಿದ್ದರು. ಅವನ ಕೈಯಲ್ಲಿ ಯಾರೋ ಕೊಟ್ಟ ಪ್ರವಾಸಿ ಪುಸ್ತಿಕೆಯಿತ್ತು. ಈ ಊರಿನಲ್ಲಿ ಒಂದು ಕಾಲಕ್ಕೆ ದೊಡ್ಡ ಇಗರ್ಜಿಯಿತ್ತು ಎಂದು ಅದರಲ್ಲಿ ಬರೆದಿತ್ತು. "ದೊಡ್ಡ ಇಗರ್ಜಿ ಉಂಟು ಅಮ್ಮ" ಎಂದುಬಿಟ್ಟ. ಇಗರ್ಜಿ ಇದ್ದ ಮೇಲೆ ಪಾದ್ರಿ ಬೇಕು. ಪಾದ್ರಿ ಇದ್ದ ಮೇಲೆ ಪ್ರವಚನ ಬೇಕು. ಹೀಗೆ ವರ್ಷಗಟ್ಟಲೆ ನಡೆದಿತ್ತು.

ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಪರದೆ ಇಲ್ಲದಿದ್ದರೆ ಇಡೀ ಶರಫಿಯಾ ಅದನ್ನು ನೋಡುತ್ತಿತ್ತು. ಉಕ್ತಲೇಖನ ಬರೆದ ಮಕ್ಕಳ ಮುಖಗಳೆಲ್ಲ ಕಣ್ಣ ಮುಂದೆ ಬಂದವು. "ಈಗಲೇ ಹೇಳಿಬಿಡು. ಅವರು ನಿನ್ನ ಕಿವಿ ಹಿಡಿದು ಊರಿಗೆ ಕರಕೊಂಡು ಬರ್ತಾರೆ. ನನಗೆಂತ ನಷ್ಟ?" ಎಂದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಗಂಡ ಮನೆಯಲ್ಲಿರಬೇಕೆಂದು ನನಗೂ ಆಸೆಯಿತ್ತು.

"ಊರಿಗೆ ಬಂದು ಪುನಃ ಫ್ರಿಜ್ ರಿಪೇರಿ ಮಾಡ್ಬೇಕಾ? ಇಲ್ಲಿ ನಾನು ಸೂಪರ್‌ವೈಸರ್ ಮಾರಾಯ್ತಿ. ಅದು ಹಾಳಾಗಿ ಹೋಗ್ಲಿ, ಅಮ್ಮ ಮತ್ತೆ ನಾನು ಹೇಳಿದ ಒಂದು ಮಾತನ್ನಾದರೂ ನಂಬ್ತಾರಾ?"

ಪರದೆ ಸರಿಯಿತು. ಅತ್ತೆ ಒದ್ದೆ ಕೈಯಲ್ಲಿ ನಿಂತಿದ್ದರು. ನಾವಿಬ್ಬರೂ ಅನ್ನ ಬಾಯಿಗಿಟ್ಟುಕೊಂಡೆವು.

ನಜ್ರಾನ್

ನಜ್ರಾನಿನಲ್ಲಿ ಮಣ್ಣಿನ ಮನೆಗಳು ಗೋಪುರದ ಹಾಗೆ ಮೇಲಕ್ಕೆ ಎದ್ದಿವೆ. ಕಿಟಕಿಗಳ ಸುತ್ತ ಬಿಳಿ ಸುಣ್ಣ. ಆ ಕೆಂಪು ಮಣ್ಣನ್ನು ಕಂಡು ಅತ್ತೆ ಇದೇನು ನಮ್ಮದೇ ಮಣ್ಣಲ್ಲವೇ ಎಂದರು, ನಮ್ಮಲ್ಲಾದರೆ ಒಂದು ಮಳೆಗೆ ಕರಗಿ ಗದ್ದೆ ಸೇರುತ್ತಿತ್ತು ಎಂದೂ ಸೇರಿಸಿದರು. ಗಂಡಸರು ಸೊಂಟಕ್ಕೆ ಬಾಗಿದ ಕಠಾರಿ ಸಿಕ್ಕಿಸಿಕೊಂಡು ತರಕಾರಿ ಕೊಳ್ಳಲು ಬರುತ್ತಾರೆ. ಟೊಮೆಟೊ ಆರಿಸುವಾಗಲೂ ಅದು ಅಲ್ಲೇ ಇರುತ್ತದೆ. "ಇಲ್ಲಿ ಇಷ್ಟು ಜನ ತೆಂಗಿನಮರ ಹತ್ತುವವರು ಇದ್ದಾರಾ?" ಎಂದು ಅತ್ತೆ ನಮ್ಮ ಟ್ಯಾಕ್ಸಿಯ ಹಮೀದ್ ಬ್ಯಾರಿಯನ್ನು ಕೇಳಿದರು. ಹಮೀದ್ ಬ್ಯಾರಿ ಉಪ್ಪಿನಂಗಡಿಯ ಕಡೆಯವರು. ನಗು ತಡೆಯಲಾರದೆ ಕಾರನ್ನು ಬದಿಗೆ ನಿಲ್ಲಿಸಬೇಕಾಯಿತು.

ಒಂದು ಸಂಜೆ ಖರ್ಜೂರದ ಅಂಗಡಿಯಲ್ಲಿದ್ದಾಗ ಬಾಂಗು ಕೇಳಿತು. ನಮಾಜಿನ ಹೊತ್ತಿಗೆ ಇಲ್ಲಿ ಎಲ್ಲ ಅಂಗಡಿಗಳೂ ಬಾಗಿಲು ಹಾಕಬೇಕು. ಅಂಗಡಿಯವನು ಅವಸರದಲ್ಲಿ ಶಟರ್ ಎಳೆದು ಹೋದ. ಮೂಲೆಯಲ್ಲಿ ಖರ್ಜೂರದ ರುಚಿ ನೋಡುತ್ತಿದ್ದ ಅತ್ತೆ ಒಳಗೆ, ನಾವು ಹೊರಗೆ. ನಾನು ಶಟರ್ ಬಡಿದೆ. "ಗಲಾಟೆ ಮಾಡಬೇಡ, ನಾನು ಜಪ ಮಾಡ್ತಾ ಇದ್ದೇನೆ" ಎಂದು ಒಳಗಿನಿಂದ ಉತ್ತರ ಬಂತು. ಶಟರ್ ಎತ್ತಿದಾಗ ಅತ್ತೆ ಗೋಣಿಯ ಮೇಲೆ ಪ್ರಸನ್ನರಾಗಿ ಕುಳಿತಿದ್ದರು. ಹೆದರಿದವನು ಅಂಗಡಿಯವನು, ಒಂದು ಪೊಟ್ಟಣ ಖರ್ಜೂರ ಸುಮ್ಮನೆ ಕೊಟ್ಟ. ದೇವರಿಗಾಗಿ ವ್ಯಾಪಾರ ನಿಲ್ಲಿಸುವ ಈ ಊರು ಅತ್ತೆಗೆ ಬಹಳ ಹಿಡಿಸಿತು. ನಮ್ಮಲ್ಲಿ ಪೂಜೆ ನಡೆಯುವಾಗಲೇ ಗಂಡಸರು ಇಗರ್ಜಿಯ ಹೊರಗೆ ಹಂದಿಮಾಂಸದ ಕ್ರಯ ಕೇಳುತ್ತ ನಿಲ್ಲುತ್ತಾರೆ ಎಂದು ನೆನೆದು ಬೇಸರಿಸಿದರು.

ಆದರೆ ಪ್ರತಿದಿನ ಬೆಳಿಗ್ಗೆ ಅದೇ ಪ್ರಶ್ನೆ. ಇಗರ್ಜಿಗೆ ಯಾವಾಗ? ವಿಲ್ಲಿ ಒಂದು ದಿನ ಕೆಲಸವೆಂದ, ಒಂದು ದಿನ ಧೂಳಿನ ಗಾಳಿಯೆಂದ. ಕೊನೆಗೆ, "ಅಲ್ಲಿ ರಿಪೇರಿ ನಡೀತಾ ಉಂಟು ಅಮ್ಮ" ಎಂದ.

"ರಿಪೇರಿಯಾದರೆ ಹೊರಗಿಂದ ನೋಡುವ. ಫಾದರಿಗೆ ಡಬ್ಬಿ ಕೊಟ್ಟು ಬರುವ."

ಆಮೇಲಿನ ಶುಕ್ರವಾರ ಹಮೀದ್ ಬ್ಯಾರಿಯ ಕಾರು ಬಾಗಿಲಲ್ಲಿ ನಿಂತಿತ್ತು. ವಿಲ್ಲಿ ದಾರಿಯುದ್ದಕ್ಕೂ ಬೆರಳಿನ ನೆಟಿಗೆ ಮುರಿಯುತ್ತ ಕುಳಿತಿದ್ದ. ಸತ್ಯ ಹೊರಬಿದ್ದರೆ ಅವನ ಕೆಲಸ ಹೋಗುವುದು, ತಾಯಿಯ ನಂಬಿಕೆಯೂ ಹೋಗುವುದು. ಮಗ್ಗುಲಲ್ಲಿದ್ದ ಅತ್ತೆಯ ಮಡಿಲಲ್ಲಿ ಡಬ್ಬಿ, ಬಾಟಲಿ, ಮಫ್ಲರ್.

ಅಲ್ ಉಖ್ದೂದ್

ಅಲ್ ಉಖ್ದೂದ್ ಎಂಬ ಕೋಟೆಗೋಡೆಯ ಪಟ್ಟಣ ನಿಜಕ್ಕೂ ಇತ್ತು. ಅದೊಂದು ವಿಷಯದಲ್ಲಿ ವಿಲ್ಲಿ ಸುಳ್ಳು ಹೇಳಿರಲಿಲ್ಲ. ನುಣ್ಣಗೆ ಕಡಿದ ದೊಡ್ಡ ದೊಡ್ಡ ಕಲ್ಲುಗಳ ಗೋಡೆ, ಅವುಗಳ ಮೇಲೆ ಒಂದು ಹಾವು, ಒಂದು ಕುದುರೆ, ಯಾರೂ ಓದದ ಅಕ್ಷರಗಳು. ಗೋಡೆಯೊಳಗೆ ಮಾತ್ರ ಮನೆಗಳ ಬುಡ, ಮುಳ್ಳುಗಿಡ, ಅಲ್ಲಲ್ಲಿ ಕಪ್ಪಾದ ಮಣ್ಣು, ನಮ್ಮ ಅಂಗಳದಷ್ಟು ದೊಡ್ಡದೆನ್ನಬಹುದಾದ ಒಂದು ಬೀಸುವ ಕಲ್ಲು. ಅತ್ತೆ ಗೋಡೆಯ ಬಿರುಕಿನಿಂದ ಒಳಗೆ ಬಂದು, ಸುತ್ತ ನೋಡಿದರು. ಗೋಪುರ ಕಾಣುವ ಎತ್ತರಕ್ಕೆ ನೋಡಿದರು, ಆಮೇಲೆ ನಿಧಾನವಾಗಿ ನೆಲ ನೋಡಿದರು.

"ಇದಕ್ಕೆ ರಿಪೇರಿ ಸಾಕಾಗ್ಲಿಕ್ಕಿಲ್ಲ ಮಗಾ" ಎಂದರು. "ಇದನ್ನು ಪಂಚಾಂಗ ಹಾಕಿ ಬುಡದಿಂದಲೇ ಕಟ್ಟಬೇಕು."

ಹಮೀದ್ ಬ್ಯಾರಿಗೆ ನಮ್ಮ ನಾಟಕದ ಸುದ್ದಿಯೇ ಗೊತ್ತಿರಲಿಲ್ಲ. ಅವರು ಆ ಕಪ್ಪು ಮಣ್ಣು ತೋರಿಸಿ, "ಇಲ್ಲಿ ದೇವರನ್ನು ನಂಬಿದ ನಿಮ್ಮ ಧರ್ಮದವರನ್ನು ಹೊಂಡ ತೋಡಿ ಬೆಂಕಿಗೆ ಹಾಕಿದ್ದು ಬಾಯಮ್ಮ, ಒಬ್ಬ ದುಷ್ಟ ಅರಸ. ಧರ್ಮ ಬಿಡಿ ಅಂದ, ಇವರು ಬಿಡ್ಲಿಲ್ಲ. ನಮ್ಮ ಕುರ್‌ಆನಲ್ಲೂ ಉಂಟು" ಎಂದರು.

"ಪಾಪ. ಯಾವಾಗ? ಫಾದರ್ ಮ್ಯಾಥ್ಯೂ ಎಲ್ಲಿದ್ದರು ಆಗ?"

ಹಮೀದ್ ಬ್ಯಾರಿ ವಿಲ್ಲಿಯ ಮುಖ ನೋಡಿದರು. ಅಷ್ಟರಲ್ಲಿ ಕಾವಲಿನ ಮುದುಕ ಹೂಜಿ ಹಿಡಿದುಕೊಂಡು ಬಂದು ನಮ್ಮನ್ನು ನೆರಳಲ್ಲಿ ಕೂರಿಸಿ, ಚಿಟಿಕೆಯಷ್ಟು ಚಿಕ್ಕ ಬಟ್ಟಲುಗಳಲ್ಲಿ ಏಲಕ್ಕಿ ಹಾಕಿದ ಕಾಫಿ ಕೊಟ್ಟ. ಅತ್ತೆ ಕುಡಿದು ಬಟ್ಟಲು ಚಾಚಿದರು. ಅವನು ತುಂಬಿದ. ಎದುರಿಗೇ ಒಂದು ಬೋರ್ಡಿತ್ತು, ಮೇಲೆ ಅರಬ್ಬಿ, ಕೆಳಗೆ ಇಂಗ್ಲಿಷ್.

"ನೀನು ಟೀಚರಲ್ವಾ? ಅದರಲ್ಲಿ ಎಂತ ಬರೆದಿದ್ದಾರೆ, ಓದು" ಎಂದರು ಅತ್ತೆ ನನಗೆ.

ನಾನು ಎದ್ದು ನಿಂತೆ. ಎಲ್ಲ ಅದರಲ್ಲೇ ಇತ್ತು: ಪಟ್ಟಣ ಹಾಳಾಗಿ ಎಷ್ಟೋ ನೂರು ವರ್ಷಗಳಾದವು ಎಂದು. ಇದ್ದಂತೆಯೇ ಓದಿದರೆ ನನ್ನ ಗಂಡ ಮುಂದಿನ ತಿಂಗಳು ಮನೆಯಲ್ಲಿರುತ್ತಾನೆ. ಬೇಕಾಗಿದ್ದದ್ದು ಅದೇ. ಬಾಯಿ ತೆರೆದೆ, ವಿಲ್ಲಿಯ ಮುಖ ಕಣ್ಣಿಗೆ ಬಿತ್ತು.

"ಫಾದರಿಗೆ... ವರ್ಗವಾಗಿದೆಯಂತೆ" ಎಂದೆ.

"ಎಲ್ಲಿಗೆ?"

"ಅಬ್ಕೈಕಿಗೆ" ಎಂದೆ. ಆ ಕ್ಷಣ ನೆನಪಿಗೆ ಬಂದ ಊರು ಅದೊಂದೇ. ಎಣ್ಣೆಯ ಊರೆಂಬುದರ ಹೊರತು ಅದರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ಅತ್ತೆ ಬಟ್ಟಲು ಚಾಚಿದರು. ಮುದುಕ ತುಂಬಿದ. "ಪಾದ್ರಿಯ ವರ್ಗಾವಣೆಯನ್ನು ಕಲ್ಲಿನ ಕಂಬಕ್ಕೆ ಬೋರ್ಡು ಹಾಕಿ ಬರೀತಾರಾ ಸಿಂತಿಯಾ?"

"ಸಾಕು!" ಎಂದ ವಿಲ್ಲಿ. ಅವನ ದನಿ ಒಡೆದಿತ್ತು. "ಅವಳು ಯಾಕೆ ಸುಳ್ಳು ಹೇಳ್ಬೇಕು? ಇಲ್ಲಿ ಇಗರ್ಜಿ ಇಲ್ಲ ಅಮ್ಮ. ಇತ್ತು, ದೊಡ್ಡದೇ ಇತ್ತಂತೆ. ಎಲ್ಲಿ ಇತ್ತು ಅಂತ ಕೂಡ ಈಗ ಯಾರಿಗೂ ಗೊತ್ತಿಲ್ಲ."

"ಫಾದರ್?"

"ಇಲ್ಲ."

ಅತ್ತೆ ಕಾಫಿ ಕುಡಿದರು. ಬಟ್ಟಲು ಚಾಚಿದರು. ಮುದುಕ ತುಂಬಿದ. ಕುಡಿದು ಸಾಕಾದರೆ ಬಟ್ಟಲನ್ನು ಅಲ್ಲಾಡಿಸಬೇಕು, ಇಲ್ಲದಿದ್ದರೆ ತುಂಬುತ್ತಲೇ ಇರುತ್ತಾರೆ ಎಂಬ ರಿವಾಜು ನಮಗಾರಿಗೂ ತಿಳಿದಿರಲಿಲ್ಲ. ತಿಳಿದಿದ್ದ ಹಮೀದ್ ಬ್ಯಾರಿಗೆ ಬಾಯಿಯೇ ಬರಲಿಲ್ಲ.

"ಪ್ರವಚನ ಹೇಳಿದ್ದು ಯಾರು ಮತ್ತೆ?"

"ನಾನೇ. ಗುರುವಾರ ಕೆಲಸ ಬಿಟ್ಟು ಬಂದು ಕೂತು ಯೋಚನೆ ಮಾಡ್ತಿದ್ದೆ. ಬೈಬಲ್ ತೆಗೆದು ನೋಡ್ತಿದ್ದೆ."

"ಆ ಕುರಿಯದ್ದು?"

"ನಂದೇ."

ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ಬೈಯುವುದು ನಮ್ಮ ವಠಾರದಲ್ಲೇ ಹೆಸರಾದದ್ದು. ಆದರೆ ಅವರು ಬೇರೆಯೇ ಒಂದು ಪ್ರಶ್ನೆ ಕೇಳಿದರು, ಬಹಳ ಮೆಲ್ಲಗೆ.

"ಕೆಮ್ಮು ಯಾರದ್ದು?"

ವಿಲ್ಲಿ ತಲೆ ತಗ್ಗಿಸಿದ.

"ವಿಲ್ಲಿ, ಕೆಮ್ಮು ಯಾರದ್ದು?"

"ನಂದು. ಏಸಿ ಪೈಪಿನೊಳಗಿನ ಧೂಳು ಅಮ್ಮ. ಫೋನಲ್ಲಿ ಕೆಮ್ಮಿದ್ರೆ ನೀವು ಹೆದರ್ತೀರಿ ಅಂತ, ಫಾದರಿಂದ ಅಂಟಿದ್ದು ಅಂದೆ. ಆಮೇಲೆ ಅವರಿಗೇ ಕೊಟ್ಟುಬಿಟ್ಟೆ."

ವರ್ಷಗಟ್ಟಲೆ ಆ ಕೆಮ್ಮಿನ ಕಥೆ ಕೇಳಿದ್ದೇನೆ, ಅದಕ್ಕಾಗಿ ಮೊಣಕಾಲೂರಿದ್ದೇನೆ, ಅದು ನನ್ನ ಗಂಡನ ಕೆಮ್ಮೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅತ್ತೆ ಬಟ್ಟಲು ಕೆಳಗಿಟ್ಟು ಎದ್ದರು. ಮಗನ ಹಿಂದೆ ಹೋಗಿ, ತಲೆಯ ಕಪ್ಪು ಬಟ್ಟೆ ಸರಿಸಿ, ಅವನ ಬೆನ್ನಿಗೆ ಕಿವಿ ಇಟ್ಟರು.

"ಉಸಿರು ಎಳೆ. ಬಿಡು. ಇನ್ನೊಮ್ಮೆ ಎಳೆ."

ಕಾವಲಿನ ಮುದುಕ ಹೂಜಿ ಹಿಡಿದು ನಿಂತಲ್ಲೇ ನಿಂತ. ಹಮೀದ್ ಬ್ಯಾರಿಯ ಹತ್ತಿರ ಏನೋ ಕೇಳಿದ. "ಇವರು ಡಾಕ್ಟರಾ ಅಂತ ಕೇಳ್ತಿದ್ದಾನೆ" ಎಂದರು ಹಮೀದ್ ಬ್ಯಾರಿ ನನಗೆ. ಅವರ ಕಣ್ಣು ತುಂಬಿತ್ತು. "ಅಲ್ಲ, ತಾಯಿ ಅಂತ ಹೇಳಿದೆ." ಮುದುಕ ಅರ್ಥವಾಯಿತೆಂದು ತಲೆಯಾಡಿಸಿ, ದೂರ ಹೋಗಿ ನಮಗೆ ಬೆನ್ನು ಹಾಕಿ ಕುಳಿತ.

ಅತ್ತೆ ಆಮೇಲೆ ಆ ಬೀಸುವ ಕಲ್ಲಿನ ಬುಡದಲ್ಲಿ ಕುಳಿತರು. ಮೆಣಸಿನ ವಾಸನೆಯ ಜಪಮಾಲೆ ಅಬಾಯಾದ ತೋಳಿನೊಳಗೆ ಓಡುತ್ತಿತ್ತು. "ಬಾಯಮ್ಮ, ಬಾಯಲ್ಲಿ ಬೇಡ, ಮನಸ್ಸಲ್ಲೇ ಹೇಳಿ" ಎಂದರು ಹಮೀದ್ ಬ್ಯಾರಿ, ಯಾರಾದರೂ ಬರುತ್ತಾರೆಯೇ ಎಂದು ಗೋಡೆಯ ಕಡೆ ನೋಡುತ್ತ. ಗೋಪುರವಿಲ್ಲ, ಗಂಟೆಯಿಲ್ಲ, ಬೆಂಚಿಲ್ಲ. ನಾನು ಗೋವಾದ ದೊಡ್ಡ ಕೆಥೆಡ್ರಲ್ ನೋಡಿದ್ದೇನೆ, ಅಲ್ಲಿ ನನಗೆ ಕಾಲುನೋವಿನದ್ದೇ ಯೋಚನೆಯಾಗಿತ್ತು. ಇಲ್ಲಿ ನನಗೆ ಅಳು ಬಂತು, ಅತ್ತೆಗೆ ಕಾಣದ ಹಾಗೆ ಅಬಾಯಾದ ತುದಿಯಲ್ಲೇ ಕಣ್ಣೊರೆಸಿಕೊಂಡೆ.

ಏಳುವಾಗ ಅತ್ತೆ ತೀರ್ಮಾನ ಹೇಳಿದರು. "ಸಿಂತಿಯಾ ಶಾಲೆಗೆ ಹೋಗಲಿ. ನಾನು ವೀಸಾ ಮುಗಿಯುವ ತನಕ ಇಲ್ಲೇ ಇರ್ತೇನೆ, ಇವನಿಗೆ ಡಾಕ್ಟರನ್ನು ತೋರಿಸಿ, ಹೋಗುವಾಗ ಕರಕೊಂಡೇ ಹೋಗ್ತೇನೆ. ಇಗರ್ಜಿ ಇಲ್ಲದ್ದಕ್ಕೆ ಅಲ್ಲ. ಇವನ ಎದೆಗಾಗಿ."

ವಿಲ್ಲಿ ಡಬ್ಬಿ, ಬಾಟಲಿ, ಮಫ್ಲರ್ ಎತ್ತಿಕೊಂಡ. "ಯಲ್ಲಾ, ಹೋಗುವ" ಎಂದು ಹಮೀದ್ ಬ್ಯಾರಿ ಕಾರಿನ ಬಾಗಿಲು ತೆರೆದರು. ಅವತ್ತು ಕಾರಿನ ಬಾಡಿಗೆಯನ್ನು ಎಷ್ಟು ಹೇಳಿದರೂ ಮುಟ್ಟಲಿಲ್ಲ.

ಶಿರ್ವ

ಜೂನಿನಲ್ಲಿ ಶಾಲೆ ಸುರುವಾಗುತ್ತದೆಂದು ನಾನು ಒಬ್ಬಳೇ ಹಿಂದಿರುಗಿದೆ. ಗಂಡನನ್ನು ತರಲು ಹೋಗಿ ಅತ್ತೆಯನ್ನೂ ಬಿಟ್ಟು ಬಂದೆ ಎಂದು ನೆರೆಮನೆಯವರು ನಗಾಡಿದರು. ಶುಕ್ರವಾರದ ಫೋನಿನಲ್ಲಿ ಈಗ ಅತ್ತೆಯ ದನಿ. ಯಾವ ಔಷಧಿ, ಎಷ್ಟು ನಿದ್ದೆ, ಕಫದ ಬಣ್ಣ ಎಂಥದ್ದು ಎಂಬ ವರದಿ. ಧೂಳಿನ ಕೆಲಸ ಬಿಡದಿದ್ದರೆ ವಾಸಿಯಾಗದು ಎಂದು ಡಾಕ್ಟರು ಹೇಳಿದರಂತೆ. ಮಳೆ ಕಡಿಮೆಯಾಗುವ ಹೊತ್ತಿಗೆ ಇಬ್ಬರೂ ಒಟ್ಟಿಗೆ ಮನೆಗೆ ಬಂದರು. ವಿಲ್ಲಿ ಸೊರಗಿದ್ದ, ಮೆಟ್ಟಲು ಹತ್ತುವಾಗ ಕೆಮ್ಮಲಿಲ್ಲ. ನನಗಾದ ಸಂತೋಷವನ್ನು ಬರೆಯಲು ಬರುವುದಿಲ್ಲ.

ಬಂದ ಆದಿತ್ಯವಾರ ಮೂವರೂ ನಮ್ಮ ಇಗರ್ಜಿಗೆ ಹೋದೆವು. ವಿಲ್ಲಿ ಗಂಡಸರ ಕಡೆ ಮುಂದಿನ ಬೆಂಚಿನಲ್ಲಿ ಕುಳಿತ, ನಾವು ಈಚೆ ಕುಳಿತೆವು. ಹೊಸದಾಗಿ ಬಂದ ಪಾದ್ರಿ ತುಂಬ ಓದಿದವರು, ಪ್ರವಚನ ದೀರ್ಘವಾಗಿತ್ತು. ಸುತ್ತಲಿನವರ ತಲೆಗಳು ತೂಗತೊಡಗಿದವು. ಅತ್ತೆ ಬಹಳ ಹೊತ್ತು ತಡೆದುಕೊಂಡರು. ಕೊನೆಗೆ ನನ್ನ ಕಡೆ ವಾಲಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದರು:

"ಇವರಿಗಿಂತ ನಮ್ಮ ವಿಲ್ಲಿ ಎಷ್ಟೋ ಚಂದ ಹೇಳ್ತಿದ್ದ."